ಸಂಕ್ರಾಂತಿ ಕಳೆದ ಮೇಲೆ ಚಳಿಗಾಲದ ತರಕಾರಿ: ಬಿತ್ತನೆಯಿಂದ ಕೊಯ್ಲಿನವರೆಗೆ

ಎಳ್ಳುಬೆಲ್ಲ ಹಂಚಿ ಮುಗಿದ ಮೇಲೆ ಕೈತೋಟದ ನೆನಪಾಗುವವರು ಬಹಳ ಮಂದಿ. ಹೂಕೋಸು, ಕ್ಯಾರೆಟ್, ಬಟಾಣಿ, ಮೂಲಂಗಿ, ಕೊತ್ತಂಬರಿ ಎಲ್ಲದರ ಬೀಜವನ್ನೂ ಒಟ್ಟಿಗೆ ತಂದು ಒಂದೇ ಭಾನುವಾರ ಬಿತ್ತುತ್ತಾರೆ. ಮಾರ್ಚ್ ಕೊನೆಯ ಹೊತ್ತಿಗೆ ನಿಂಬೆ ಗಾತ್ರದ ಹೂಕೋಸು, ಬೆಂಡಾದ ಮೂಲಂಗಿ, ಹೂ ಬಿಟ್ಟ ಕೊತ್ತಂಬರಿ ಕಂಡು ಕೈಚೆಲ್ಲುತ್ತಾರೆ. ಗೊಬ್ಬರ ಸಾಲಲಿಲ್ಲವೆಂದೋ ಬೀಜ ಕಳಪೆಯೆಂದೋ ದೂರು ಹೊರಡುತ್ತದೆ. ಬಹುಪಾಲು ಸಲ ತಪ್ಪಿರುವುದು ದಿನಗಳ ಲೆಕ್ಕದಲ್ಲಿ.

ಅಂತರ್ಜಾಲದಲ್ಲಿ ಸಿಗುವ ಚಳಿಗಾಲದ ಕೊನೆಯ ಬಿತ್ತನೆಯ ಸಲಹೆಗಳು ಹೆಚ್ಚಾಗಿ ಹಿಮ ಬೀಳುವ ಊರುಗಳಿಗಾಗಿ ಬರೆದವು. ಅಲ್ಲಿ ಗಿಡ ಕೊರೆಯುವ ಚಳಿಯಲ್ಲಿ ಹುಟ್ಟಿ ಹಿತವಾದ ತಂಪಿನಲ್ಲಿ ಬಲಿಯುತ್ತದೆ. ನಮ್ಮಲ್ಲಿ ತಂಪಿನಲ್ಲಿ ಹುಟ್ಟಿ ಬಿಸಿಲಿನಲ್ಲಿ ಬಲಿಯಬೇಕು. ಆದ್ದರಿಂದ ಇಲ್ಲಿ ಮುಖ್ಯವಾದದ್ದು ಬಿತ್ತುವ ದಿನಕ್ಕಿಂತ ಕೊಯ್ಯುವ ದಿನ. ಬೇಸಿಗೆ ಬಲಿಯುವ ಮೊದಲು ಬೆಳೆ ಕೈಗೆ ಬರುತ್ತದೆಯೇ ಎಂದು ಮೊದಲು ಕೇಳಿಕೊಂಡು, ಆಮೇಲೆ ಬೀಜದ ಅಂಗಡಿಗೆ ಹೋಗಬೇಕು.

ಇಲ್ಲಿನ ತಾರೀಖುಗಳು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮೈಸೂರು ಕಡೆಯ ಬಯಲುಸೀಮೆಯ ಎತ್ತರದ ನೆಲಕ್ಕೆ ಹೊಂದುವಂಥವು. ಹಿತ್ತಲ ಮಡಿಗೂ ತಾರಸಿಯ ಕುಂಡಕ್ಕೂ ಕ್ರಮ ಒಂದೇ. ಬೇರೆಯಾಗುವ ಕಡೆ ಹೇಳಿದ್ದೇನೆ.

ಹಂತ 1: ದಿನಗಳನ್ನು ಹಿಂದಕ್ಕೆ ಎಣಿಸಿ

ಬೆಂಗಳೂರಿನಲ್ಲಿ ಜನವರಿಯ ಮಧ್ಯಾಹ್ನ ಸಾಮಾನ್ಯವಾಗಿ 27ರಿಂದ 28 ಡಿಗ್ರಿ ಸೆಲ್ಸಿಯಸ್, ರಾತ್ರಿ 15ರಿಂದ 16. ಮಾರ್ಚ್ ಹೊತ್ತಿಗೆ ಮಧ್ಯಾಹ್ನದ ಬಿಸಿ 32–33 ಡಿಗ್ರಿಗೆ ಏರುತ್ತದೆ. ಚಳಿ ಬಯಸುವ ಬೆಳೆಗಳು ಕೆಡುವುದು ಈ ಏರಿಕೆಯಲ್ಲಿ. ಕ್ಯಾಲೆಂಡರಿನಲ್ಲಿ ಮಾರ್ಚ್ 20ರ ಮೇಲೆ ಒಂದು ಗೆರೆ ಎಳೆಯಿರಿ. ಕೊಯ್ಲಿನ ಹೆಚ್ಚಿನ ಪಾಲು ಆ ಗೆರೆಯ ಈಚೆಗೇ ಮುಗಿಯಬೇಕು.

ಧಾರವಾಡ, ಬೆಳಗಾವಿ ಕಡೆಯವರು ಗೆರೆಯನ್ನು ಮಾರ್ಚ್ ಮೊದಲ ವಾರಕ್ಕೆ ಸರಿಸಿಕೊಳ್ಳಿ. ಕೊಡಗು, ಚಿಕ್ಕಮಗಳೂರಿನ ಎತ್ತರದ ಊರುಗಳಲ್ಲಿ ಇನ್ನೂ ಕೆಲವು ದಿನ ಹೆಚ್ಚು ಸಿಗುತ್ತವೆ. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಫೆಬ್ರವರಿ ನಡುವಿಗೇ ಬಿಸಿಲು ಬಲಿಯುವುದರಿಂದ ಸಂಕ್ರಾಂತಿಯ ನಂತರ ಮೆಂತ್ಯದಂಥ ಸೊಪ್ಪಿಗಷ್ಟೇ ಕೈ ಹಾಕುವುದು ಒಳ್ಳೆಯದು. ಕರಾವಳಿಯವರಿಗೆ ಈ ಬರಹದ ಬಹುಪಾಲು ಅನ್ವಯಿಸುವುದೇ ಇಲ್ಲ. ಅಲ್ಲಿ ಇದೇ ದಿನಗಳಲ್ಲಿ ಹರಿವೆ, ಬಸಳೆ, ಅಲಸಂದೆ ಹಾಕಿದವರು ಜಾಣರು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಮಾತು ತೋಟದ ಮಟ್ಟಿಗೂ ನಿಜ. ಆದರೆ ಶಿವರಾತ್ರಿ ಒಂದು ವರ್ಷ ಫೆಬ್ರವರಿ ನಡುವಿಗೆ, ಇನ್ನೊಂದು ವರ್ಷ ಮಾರ್ಚ್ ಆರಂಭಕ್ಕೆ ಬೀಳುವುದರಿಂದ ಲೆಕ್ಕಕ್ಕೆ ತಾರೀಖೇ ಲೇಸು.

ಬಿತ್ತಿದ ದಿನದಿಂದ ಮೊದಲ ಕೊಯ್ಲಿಗೆ ಬೇಕಾಗುವ ದಿನಗಳು ಸ್ಥೂಲವಾಗಿ ಹೀಗಿವೆ:

- ಮೆಂತ್ಯ ಸೊಪ್ಪು: 25–30
- ಪಾಲಕ್: 30–35
- ಕೊತ್ತಂಬರಿ: 35–45
- ಮೂಲಂಗಿ: 40–50
- ಗಿಡ ಬೀನ್ಸ್: 50–60
- ಬೀಟ್‌ರೂಟ್: 60–75
- ನವಿಲುಕೋಸು: ಸಸಿ ನೆಟ್ಟ ಮೇಲೆ 45–55
- ಕ್ಯಾರೆಟ್: 85–100

ಮಾರ್ಚ್ 20ರಿಂದ ಹಿಂದಕ್ಕೆ ಎಣಿಸಿದರೆ ಬೀಟ್‌ರೂಟಿನ ಗಡುವು ಸಂಕ್ರಾಂತಿಯ ಆಸುಪಾಸಿಗೆ ಬರುತ್ತದೆ. ನವಿಲುಕೋಸಿನ ಸಸಿ ಜನವರಿ ಮುಗಿಯುವುದರೊಳಗೆ ಮಡಿಯಲ್ಲಿರಬೇಕು. ಮೂಲಂಗಿಗೆ ಫೆಬ್ರವರಿ ಮೊದಲ ವಾರ, ಕೊತ್ತಂಬರಿಗೆ ಅದಾದ ಕೆಲವೇ ದಿನ, ಮೆಂತ್ಯಕ್ಕೆ ಫೆಬ್ರವರಿ 20ರವರೆಗೂ ಅವಕಾಶವಿದೆ. ಪೂರ್ಣ ಗಾತ್ರದ ಕ್ಯಾರೆಟ್ಟಿನ ಗಡುವು ಡಿಸೆಂಬರಿನಲ್ಲೇ ದಾಟಿಹೋಗಿದೆ.

ಹಂತ 2: ಬಿಡಬೇಕಾದದ್ದನ್ನು ಮೊದಲೇ ಬಿಡಿ

ಹೂಕೋಸನ್ನು ಬಿಟ್ಟುಬಿಡಿ. ಈ ಬೆಳೆಯಲ್ಲಿ ಬೇಗ ಬರುವ ತಳಿಗಳು ಹೂ ಕಟ್ಟಲು 20ರಿಂದ 27 ಡಿಗ್ರಿ ಉಷ್ಣಾಂಶ ಕೇಳುತ್ತವೆ. ನಡುಗಾಲದವು 16ರಿಂದ 20, ತಡವಾಗಿ ಬರುವವು 10ರಿಂದ 16 ಕೇಳುತ್ತವೆ. ಕೈತೋಟಕ್ಕೆ ಮಾರುವ ಸಣ್ಣ ಪೊಟ್ಟಣದ ಮೇಲೆ ಇದು ಯಾವ ಗುಂಪಿನದು ಎಂಬ ಮಾಹಿತಿ ಅಪರೂಪ. ತಪ್ಪು ಗುಂಪಿನದು ಬಂದರೆ ಬರೀ ಎಲೆ ಬೆಳೆಯುತ್ತದೆ, ಇಲ್ಲವೇ ಪುಟ್ಟ ಹೂ ಕಟ್ಟಿ ಅಲ್ಲಿಗೇ ನಿಲ್ಲುತ್ತದೆ. ಬೀಜದ ಬದಲು ನರ್ಸರಿಯಿಂದ ಸಸಿ ತಂದರೂ ಈ ತಾಪತ್ರಯ ತಪ್ಪದು.

ಕೋಲಾರ, ಮಾಲೂರಿನ ರೈತರು ಬೇಸಿಗೆಯಲ್ಲೂ ಕೋಸು ಬೆಳೆಯುತ್ತಾರಲ್ಲ ಎಂದು ಕೇಳುವವರಿದ್ದಾರೆ. ಬಿಸಿಲು ತಡೆಯುವ ಹೈಬ್ರಿಡ್ ತಳಿ, ಹನಿ ನೀರಾವರಿ, ಹುಳುವಿಗೆ ಎಡೆಬಿಡದ ಸಿಂಪಡಣೆ ಅವರ ಬೆನ್ನಿಗಿವೆ. ನಾಲ್ಕು ಕುಂಡ ಇಟ್ಟವರು ಅವರ ಪಂಚಾಂಗವನ್ನು ಹಿಡಿಯಬಾರದು.

ಬಟಾಣಿ ಫೆಬ್ರವರಿಯಲ್ಲಿ ಚೆನ್ನಾಗಿಯೇ ಹುಟ್ಟುತ್ತದೆ, ಅದೇ ಅದರ ಮೋಸ. ಹೂ ಬರುವ ಹೊತ್ತಿಗೆ ಬಿಸಿಲು ಏರಿ ಹೂ ಉದುರುತ್ತದೆ, ಎಲೆಗೆ ಬೂದಿ ರೋಗ ಹತ್ತುತ್ತದೆ. ಅದೇ ಜಾಗಕ್ಕೆ ಗಿಡ ಬೀನ್ಸ್ ಹಾಕಿದರೆ ಪಾತ್ರೆಗೆ ಏನಾದರೂ ಬರುತ್ತದೆ.

ಕ್ಯಾರೆಟ್ ಬೇಕೇ ಬೇಕೆನ್ನುವವರು ಜನವರಿ ಮೂರನೇ ವಾರದೊಳಗೆ ಬಿತ್ತಿ, 60–65 ದಿನಕ್ಕೆ ಬೆರಳು ಗಾತ್ರದಲ್ಲೇ ಕೀಳುವ ಒಪ್ಪಂದಕ್ಕೆ ಬರಬೇಕು. ಕುರೋಡಾ ತಳಿ ಬಿಸಿಯನ್ನು ಒಂದಿಷ್ಟು ತಡೆಯುತ್ತದೆ. ನ್ಯಾಂಟಿಸ್ ತಳಿ ಹೆಚ್ಚು ತಂಪು ಕೇಳುವಂಥದ್ದು, ಅದನ್ನು ಅಕ್ಟೋಬರಿಗೆ ಎತ್ತಿಡಿ.

ಹಂತ 3: ಜಾಗ ಮತ್ತು ಸಾಮಾನು

ಈ ಕಾಲದ ಬಿತ್ತನೆಗೆ ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ಎರಡರ ನಂತರ ನೆರಳಾಗುವ ಜಾಗ ಶ್ರೇಷ್ಠ. ದಿನಕ್ಕೆ ಐದಾರು ಗಂಟೆ ಬಿಸಿಲು ಸಾಕು, ಸೊಪ್ಪಿಗೆ ನಾಲ್ಕು ಗಂಟೆಯೂ ನಡೆಯುತ್ತದೆ. ತಾರಸಿಯಲ್ಲಿ ಪಡುವಣ ಗೋಡೆಯ ಒಳಮಗ್ಗುಲಿಗೆ ಕುಂಡಗಳನ್ನು ಸಾಲಾಗಿ ಇಟ್ಟರೆ ಸಂಜೆಯ ಸುಡುಬಿಸಿಲನ್ನು ಆ ಗೋಡೆಯೇ ತಡೆಯುತ್ತದೆ. ಕುಂಡವನ್ನಾಗಲಿ ಗ್ರೋ ಬ್ಯಾಗನ್ನಾಗಲಿ ನೇರವಾಗಿ ಸಿಮೆಂಟಿನ ಮೇಲೆ ಇಡಬೇಡಿ. ಹಗಲಿಡೀ ಕಾದ ಸಿಮೆಂಟು ರಾತ್ರಿಯವರೆಗೂ ಬೇರಿಗೆ ಬಿಸಿ ಕೊಡುತ್ತದೆ. ಎರಡು ಇಟ್ಟಿಗೆಯ ಮೇಲೆ ಎತ್ತಿಟ್ಟರೆ ಅಡಿಯಲ್ಲಿ ಗಾಳಿ ಆಡುತ್ತದೆ, ನೀರೂ ಸರಾಗವಾಗಿ ಬಸಿಯುತ್ತದೆ.

ಆಳದ ವಿಷಯದಲ್ಲಿ ಜಿಪುಣತನ ಬೇಡ. ಕ್ಯಾರೆಟ್ ಮತ್ತು ಉದ್ದ ಮೂಲಂಗಿಗೆ ಒಂದು ಅಡಿ, ಬೀಟ್‌ರೂಟ್, ನವಿಲುಕೋಸು, ಬೀನ್ಸಿಗೆ ಒಂಬತ್ತು–ಹತ್ತು ಇಂಚು, ಸೊಪ್ಪಿಗೆ ಆರು ಇಂಚು ಮಣ್ಣು ಬೇಕು.

ಸಾಮಾನು ಹೆಚ್ಚಿಲ್ಲ. ನೆಲಕ್ಕೆ ಗುದ್ದಲಿ, ಕಳೆಗೆ ಕೈಗುದ್ದಲಿ, ಸಣ್ಣ ತೂತಿನ ಹೂಜಿ ಅಥವಾ ಶವರ್ ಕ್ಯಾನ್, ಹಳೆಯ ಗೋಣಿಚೀಲ, 35 ಅಥವಾ 50 ಶೇಕಡಾ ನೆರಳಿನ ಪರದೆ, ಒಂದು ಬುಟ್ಟಿ ಒಣ ತರಗೆಲೆ, ಒಂದು ಸ್ಪ್ರೇ ಬಾಟಲಿ. 75 ಶೇಕಡಾ ನೆರಳಿನ ಹಸಿರು ಪರದೆ ಕಡಿಮೆ ಬೆಲೆಗೆ ಸಿಕ್ಕಿತೆಂದು ತರಬೇಡಿ. ಅದರ ಕೆಳಗೆ ಸಸಿಗಳು ಬೆಳಕಿಗಾಗಿ ಎಳೆದುಕೊಂಡು ನಿಶ್ಶಕ್ತವಾಗುತ್ತವೆ. ಪಾರಿವಾಳದ ಕಾಟವಿರುವ ಕಡೆ ಸಣ್ಣ ಕಣ್ಣಿನ ಬಲೆಯೊಂದು ಬೇಕೇ ಬೇಕು. ಎಳೆಯ ಬೀನ್ಸ್ ಮೊಳಕೆಯನ್ನು ಒಂದೇ ಬೆಳಗ್ಗೆ ಖಾಲಿ ಮಾಡುವ ಶಕ್ತಿ ಆ ಹಕ್ಕಿಗಿದೆ.

ಹಂತ 4: ಮಣ್ಣನ್ನು ಒಂದು ವಾರ ಮೊದಲೇ ಸಿದ್ಧಮಾಡಿ

ನೆಲವಾದರೆ ಎರಡು–ಮೂರು ದಿನ ಮೊದಲು ನೀರು ಹಾಯಿಸಿ ಹದಕ್ಕೆ ಬಂದ ಮೇಲೆ ಅಗೆಯಿರಿ. ಹದ ತಿಳಿಯಲು ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಸೊಂಟದೆತ್ತರದಿಂದ ಬಿಡಿ. ಉಂಡೆ ಬಿದ್ದು ಪುಡಿಯಾದರೆ ಸರಿ. ಚಪ್ಪಟೆಯಾಗಿ ಅಂಟಿಕೊಂಡರೆ ಇನ್ನೊಂದು ದಿನ ಕಾಯಿರಿ. ಹಸಿ ಕೆಂಪುಮಣ್ಣನ್ನು ಅಗೆದವರಿಗೆ ಒಣಗಿದ ಮೇಲೆ ಸಿಗುವುದು ಇಟ್ಟಿಗೆಯಂಥ ಹೆಂಟೆಗಳು.

ಮೂರು ಅಡಿ ಅಗಲದ, ಅರ್ಧ ಅಡಿ ಎತ್ತರದ ಮಡಿ ಮಾಡಿ. ಎರಡೂ ಬದಿಯಿಂದ ಕೈ ನಡುವಿನವರೆಗೆ ತಲುಪಬೇಕು, ಮಡಿಯ ಮೇಲೆ ಕಾಲಿಡುವ ಪ್ರಸಂಗ ಬರಬಾರದು. ಚದರ ಅಡಿಗೆ ಎರಡು ಹಿಡಿಯಂತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಹಿಡಿ ಬೇವಿನ ಹಿಂಡಿ ಬೆರೆಸಿ. ಕಳಿತ ಗೊಬ್ಬರಕ್ಕೆ ಸಗಣಿಯ ವಾಸನೆ ಇರುವುದಿಲ್ಲ, ಮುಟ್ಟಿದರೆ ಬಿಸಿ ಇರುವುದಿಲ್ಲ. ಹಸಿ ಗೊಬ್ಬರ ಹಾಕಿದರೆ ಕ್ಯಾರೆಟ್, ಮೂಲಂಗಿ ಕವಲೊಡೆಯುತ್ತವೆ, ಗೆದ್ದಲಿಗೂ ಆಹ್ವಾನ ಕೊಟ್ಟ ಹಾಗೆ. ಬೇರು ತರಕಾರಿಯ ಮಡಿಯಲ್ಲಿ ಕಲ್ಲು, ಹೆಂಟೆಗಳನ್ನು ಒಂದು ಅಡಿ ಆಳದವರೆಗೂ ಆರಿಸಿ ತೆಗೆಯಿರಿ. ಈ ಒಂದು ಕೆಲಸದಲ್ಲಿ ಸೋಮಾರಿತನ ತೋರಿದರೆ ಕೊಯ್ಲಿನ ದಿನ ಅದು ಎದ್ದು ಕಾಣುತ್ತದೆ.

ಕುಂಡಕ್ಕೆ ಕೆಂಪುಮಣ್ಣು, ಎರೆಹುಳು ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಪಾಲು. ಕೋಕೋಪೀಟಿನಲ್ಲಿ ಉಪ್ಪಿನಂಶ ಇರಬಹುದು. ಎರಡು–ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ. ಬರೀ ಕೋಕೋಪೀಟ್ ಮತ್ತು ಗೊಬ್ಬರದಲ್ಲಿ ಗಿಡ ಬೆಳೆಯುತ್ತದೆ ಎನ್ನುವ ಮಾತು ಮಳೆಗಾಲಕ್ಕೆ ಸರಿ. ಮಾರ್ಚ್ ಬಿಸಿಲಿಗೆ ಅದು ಒಣಗಿ ಕುಗ್ಗಿ ಅಂಚು ಬಿಡುತ್ತದೆ, ಹಾಕಿದ ನೀರೆಲ್ಲ ಬದಿಯಿಂದ ಜಾರಿ ಕೆಳಗೆ ಹೋಗುತ್ತದೆ.

ಮಡಿ ಸಿದ್ಧವಾದ ಮೇಲೆ ಒಮ್ಮೆ ನೀರು ಚಿಮುಕಿಸಿ ಐದಾರು ದಿನ ಸುಮ್ಮನೆ ಬಿಡಿ. ಅಡಗಿದ್ದ ಕಳೆಬೀಜಗಳು ಮೊಳೆಯುತ್ತವೆ. ಮೇಲುಮೇಲಕ್ಕೆ ಕೆರೆದು ತೆಗೆದು ಆಮೇಲೆ ಬಿತ್ತಿ. ಕ್ಯಾರೆಟ್ ಹುಟ್ಟಲು ಎರಡು ವಾರದವರೆಗೂ ಹಿಡಿಯುವುದರಿಂದ ಈ ಕೆಲಸ ಮಾಡದಿದ್ದರೆ ಕಳೆಯ ನಡುವೆ ಅದನ್ನು ಹುಡುಕುವುದೇ ಉದ್ಯೋಗವಾಗುತ್ತದೆ.

ಹಂತ 5: ಬೀಜವನ್ನು ಪರೀಕ್ಷಿಸಿ, ನೆನೆಸಿ

ಕಳೆದ ವರ್ಷದ ಪೊಟ್ಟಣ ಉಳಿದಿದ್ದರೆ 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಟ್ಟೆಯಲ್ಲಿಡಿ. ಮೂಲಂಗಿ, ಮೆಂತ್ಯ ನಾಲ್ಕೈದು ದಿನಕ್ಕೆ ಉತ್ತರ ಹೇಳುತ್ತವೆ. 12ಕ್ಕಿಂತ ಕಡಿಮೆ ಮೊಳೆತರೆ ಹೊಸ ಬೀಜ ತನ್ನಿ. ಈಗ ಸಮಯ ಕಡಿಮೆ. ಅರ್ಧ ಹುಟ್ಟಿದ ಮಡಿಗೆ ಮತ್ತೆ ಬಿತ್ತಲು ಎರಡನೇ ಅವಕಾಶ ಇರುವುದಿಲ್ಲ.

ಗುಲಾಬಿ, ಹಸಿರು, ನೀಲಿ ಬಣ್ಣ ಬಳಿದ ಬೀಜಗಳು ಶಿಲೀಂಧ್ರನಾಶಕ ಲೇಪಿಸಿದವು. ಅವನ್ನು ನೆನೆಸಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಬಿತ್ತಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜಗಳಿರುತ್ತವೆ. ಕಾಳನ್ನು ಚಪ್ಪಲಿಯ ಅಡಿಯಲ್ಲೋ ಲಟ್ಟಣಿಗೆಯಿಂದಲೋ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ, ಎಂಟು–ಹತ್ತು ಗಂಟೆ ನೆನೆಸಿ, ನೆರಳಿನಲ್ಲಿ ಆರಿಸಿ ಬಿತ್ತಿ. ಪುಡಿಯಾಗುವಷ್ಟು ಒತ್ತಿದರೆ ಅದು ಸಾರಿಗೇ ಸರಿ. ದಿನಸಿ ಅಂಗಡಿಯ ಮೆಂತ್ಯ ನಿಶ್ಚಿಂತೆಯಿಂದ ಬಿತ್ತಬಹುದು, ಅಲ್ಲಿನ ಧನಿಯ ಮಾತ್ರ ಹಳೆಯದಾಗಿದ್ದರೆ ಹುಟ್ಟುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಇಶಾ ಕೊತ್ತಂಬರಿಯನ್ನು ಹಲವು ಸಲ ಕೊಯ್ಯಬಹುದು. ಸೊಪ್ಪಿಗಾಗಿಯೇ ಬೆಳೆಯುವವರಿಗೆ ಅದು ವಾಸಿ.

ಬೀಟ್‌ರೂಟಿನ ಒರಟು ಕಾಳು ನಾಲ್ಕೈದು ಬೀಜಗಳ ಗೊಂಚಲು. ರಾತ್ರಿಯಿಡೀ ನೆನೆಸಿ. ಒಂದೊಂದು ಕಾಳಿನಿಂದ ಎರಡು–ಮೂರು ಸಸಿ ಬರುತ್ತವೆಂಬುದನ್ನು ನೆನಪಿಟ್ಟುಕೊಂಡು ವಿರಳವಾಗಿ ಹಾಕಿ. ಬೀನ್ಸ್ ಬೀಜವನ್ನು ನೆನೆಸಬಾರದು. ನೆನೆಸಿದ ಬೀಜದ ಸಿಪ್ಪೆ ಬಿರಿದು ಮಣ್ಣಿನಲ್ಲಿ ಕೊಳೆಯುವುದೇ ಹೆಚ್ಚು.

ಹಂತ 6: ಸರದಿಯಂತೆ ಬಿತ್ತಿ

ನಿಧಾನದ ಬೆಳೆ ಮೊದಲು, ಚುರುಕಿನದು ಕೊನೆಗೆ. ಹೆಚ್ಚಿನವರು ಸುಲಭವೆಂದು ಮೆಂತ್ಯ, ಕೊತ್ತಂಬರಿಯಿಂದ ಆರಂಭಿಸಿ, ಅವು ಹುಟ್ಟಿದ ಹುಮ್ಮಸ್ಸಿನಲ್ಲಿ ಫೆಬ್ರವರಿ ನಡುವೆ ಬೀಟ್‌ರೂಟಿಗೆ ಬರುತ್ತಾರೆ. ಕ್ರಮ ತಿರುಗುಮುರುಗಾಗುವುದು ಇಲ್ಲಿಯೇ.

*ಜನವರಿ ಮೂರನೇ ವಾರ: ಕ್ಯಾರೆಟ್ ಮತ್ತು ಬೀಟ್‌ರೂಟ್.* ಹತ್ತು–ಹನ್ನೆರಡು ಇಂಚು ದೂರಕ್ಕೆ ಗೆರೆ ಎಳೆದು ಕ್ಯಾರೆಟನ್ನು ಕಾಲು ಇಂಚು, ಬೀಟ್‌ರೂಟನ್ನು ಮುಕ್ಕಾಲು ಇಂಚು ಆಳಕ್ಕೆ ಹಾಕಿ. ಕ್ಯಾರೆಟ್ ಬೀಜವನ್ನು ನಾಲ್ಕು ಪಟ್ಟು ಒಣ ಮರಳಿನೊಂದಿಗೆ ಬೆರೆಸಿದರೆ ಒಂದೇ ಕಡೆ ಗುಂಪಾಗಿ ಬೀಳುವುದಿಲ್ಲ. ಮೇಲೆ ಮಣ್ಣಿನ ಬದಲು ಜರಡಿ ಹಿಡಿದ ಗೊಬ್ಬರ ಉದುರಿಸಿ. ಕೆಂಪುಮಣ್ಣು ಒಣಗಿದಾಗ ಮೇಲೆ ಹೆಕ್ಕಳಗಟ್ಟುತ್ತದೆ, ಕ್ಯಾರೆಟಿನ ನೂಲಿನಂಥ ಮೊಳಕೆಗೆ ಅದನ್ನು ಸೀಳುವ ಬಲವಿಲ್ಲ. ಬೀಜವೇ ಹುಟ್ಟಲಿಲ್ಲ ಎನ್ನುವವರ ಮಡಿಯಲ್ಲಿ ಎಷ್ಟೋ ಸಲ ಬೀಜ ಹುಟ್ಟಿ ಹೆಕ್ಕಳದ ಕೆಳಗೆ ಸತ್ತಿರುತ್ತದೆ.

ಬಿತ್ತಿದ ಮೇಲೆ ಗೋಣಿಚೀಲ ಹೊದಿಸಿ ಅದರ ಮೇಲೆಯೇ ದಿನಕ್ಕೆ ಎರಡು ಸಲ ನೀರು ಚಿಮುಕಿಸಿ. ಐದನೇ ದಿನದಿಂದ ದಿನವೂ ಬೆಳಗ್ಗೆ ಚೀಲ ಎತ್ತಿ ನೋಡಬೇಕು. ಅಲ್ಲೊಂದು ಇಲ್ಲೊಂದು ಮೊಳಕೆ ಕಂಡ ಸಂಜೆಯೇ ಚೀಲ ತೆಗೆಯಿರಿ. ಎರಡು ದಿನ ತಡವಾದರೆ ಮೊಳಕೆಗಳು ಬಿಳಿಚಿಕೊಂಡು, ಚೀಲದ ಎಳೆಗಳಿಗೆ ಸಿಕ್ಕು, ತೆಗೆಯುವಾಗ ಕಿತ್ತುಬರುತ್ತವೆ. ಕ್ಯಾರೆಟನ್ನು ಬೇರೆಡೆ ಸಸಿ ಮಾಡಿ ನಾಟಿ ಮಾಡಬೇಡಿ. ತಾಯಿಬೇರು ತುಸು ಮುರಿದರೂ ಗಡ್ಡೆ ಕವಲಾಗುತ್ತದೆ.

*ಜನವರಿ ಕೊನೆಯ ವಾರ: ನವಿಲುಕೋಸು.* ಈಗ ಒಟ್ಲು ಹಾಕಿ ಸಸಿ ಬೆಳೆಸಲು ಕಾಲವಿಲ್ಲ, ಪ್ರೋಟ್ರೇಯಲ್ಲಿ, ಎಂದರೆ ಸಣ್ಣ ಗುಳಿಗಳ ಪ್ಲಾಸ್ಟಿಕ್ ಟ್ರೇಯಲ್ಲಿ, ಬೆಳೆಸಿದ ಸಸಿಗಳನ್ನೇ ಕೊಳ್ಳಿ. 21–25 ದಿನದ, ನಾಲ್ಕೈದು ಎಲೆಯ, ಗಿಡ್ಡ ಕಾಂಡದ ಸಸಿ ಒಳ್ಳೆಯದು. ಎತ್ತರ ಬೆಳೆದದ್ದು ಚೆಂದ ಕಂಡರೂ ಬಿಡಿ. ಎಲೆ ನೇರಳೆಗೆ ತಿರುಗಿದ, ಬೇರು ಟ್ರೇಯ ತೂತಿನಿಂದ ಹೊರಬಂದು ಕಂದಿದ ಸಸಿ ಅಂಗಡಿಯಲ್ಲೇ ಮುದಿಯಾಗಿದೆ. ವೈಟ್ ವಿಯೆನ್ನಾ ಬೇಗ ಬರುವ ತಳಿ.

ಸಂಜೆ ನಾಲ್ಕರ ನಂತರ, ಎಂಟು–ಹತ್ತು ಇಂಚು ಅಂತರದಲ್ಲಿ ನೆಡಿ. ಟೊಮೇಟೊ ಸಸಿಯನ್ನು ಹೂಳುವ ಅಭ್ಯಾಸದಲ್ಲಿ ಇದನ್ನೂ ಕುತ್ತಿಗೆಯವರೆಗೆ ಹೂಳುವವರಿದ್ದಾರೆ. ನವಿಲುಕೋಸಿನಲ್ಲಿ ನಾವು ತಿನ್ನುವುದು ಉಬ್ಬಿದ ಕಾಂಡವನ್ನು. ಅದು ಮಣ್ಣಿನ ಮೇಲೆಯೇ ಇರಬೇಕು. ಟ್ರೇಯಲ್ಲಿ ಎಷ್ಟು ಆಳವಿತ್ತೋ ಅಷ್ಟೇ ಆಳಕ್ಕೆ ನೆಟ್ಟು, ಮೊದಲ ಮೂರು ದಿನ ಮಧ್ಯಾಹ್ನ ನೆರಳು ಕೊಡಿ. ಇದೇ ಮಡಿಯ ಎರಡು ತುದಿಯಲ್ಲಿ ಒಂದೊಂದು ಸಾಲು ಸಾಸಿವೆ ಬಿತ್ತಿ, ಸಾಧ್ಯವಾದರೆ ಎರಡು ವಾರ ಮೊದಲೇ. ಕಾರಣ ಹುಳುವಿನ ಹಂತದಲ್ಲಿದೆ.

*ಜನವರಿ ಕೊನೆಯಿಂದ ಫೆಬ್ರವರಿ ಮೊದಲ ವಾರ: ಬೀನ್ಸ್ ಮತ್ತು ಮೂಲಂಗಿ.* ಗಿಡ ಬೀನ್ಸನ್ನು ಒಂದೂವರೆ ಇಂಚು ಆಳ, ಆರು ಇಂಚು ಅಂತರಕ್ಕೆ ಹಾಕಿ. ಬಳ್ಳಿ ಬೀನ್ಸ್ ತಡವಾಗಿ ಬರುವುದರಿಂದ ಈಗ ಬೇಡ. ಅರ್ಕಾ ಕೋಮಲ್, ಅರ್ಕಾ ಸುವಿಧಾ ಎರಡೂ ಗಿಡ ತಳಿಗಳೇ. ಬಿತ್ತಿದ ಮಡಿಗೆ ಮೊಳಕೆ ಕಾಣುವವರೆಗೆ ಲಘುವಾಗಿ ನೀರು ಕೊಡಿ, ಕೆಸರು ಮಾಡಬೇಡಿ.

ಮೂಲಂಗಿಯಲ್ಲಿ ತಳಿಯೇ ಎಲ್ಲ. ಪೂಸಾ ಚೇತ್ಕಿ ಬಿಸಿಗೆ ಒಗ್ಗುವ ತಳಿ, 40–45 ದಿನಕ್ಕೆ ಬರುತ್ತದೆ. ಮಾರ್ಚಿನಲ್ಲೂ ಬಿತ್ತಲು ಬರುವ ಮೂಲಂಗಿ ಇದೊಂದೇ ಎಂದು ಹೊಸಬರು ಇಟ್ಟುಕೊಂಡರೆ ತೊಂದರೆಯಿಲ್ಲ. ಪೊಟ್ಟಣದ ಮೇಲೆ ತಳಿಯ ಹೆಸರೇ ಇಲ್ಲದೆ ಬರೀ ಮೂಲಂಗಿಯ ಚಿತ್ರವಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಅರ್ಧ ಇಂಚು ಆಳ, ಮೂರು ಇಂಚು ಅಂತರ. ಇಡೀ ಮಡಿಗೆ ಒಂದೇ ದಿನ ಬಿತ್ತದೆ ವಾರ ಬಿಟ್ಟು ಎರಡು ಕಂತಿನಲ್ಲಿ ಬಿತ್ತಿದರೆ ನೆರೆಮನೆಗೆಲ್ಲ ಹಂಚುವ ಗತಿ ಬರುವುದಿಲ್ಲ.

*ಫೆಬ್ರವರಿ ಮೊದಲಾರ್ಧ: ಪಾಲಕ್, ಕೊತ್ತಂಬರಿ. 20ರವರೆಗೆ: ಮೆಂತ್ಯ.* ಪೊಟ್ಟಣದಲ್ಲಿ ಸ್ಪಿನಾಚ್ ಎಂದಿರುವ ವಿದೇಶಿ ಸೊಪ್ಪು ಮತ್ತು ನಮ್ಮ ಪಾಲಕ್ ಬೇರೆ ಬೇರೆ ಗಿಡಗಳು. ನಮ್ಮದು ಬೀಟ್‌ರೂಟಿನ ನೆಂಟ, ಬಿಸಿಯನ್ನು ಸಾಕಷ್ಟು ತಡೆಯುತ್ತದೆ. ವಿದೇಶಿಯದು ಫೆಬ್ರವರಿಯಲ್ಲಿ ನಾಲ್ಕು ಎಲೆ ಬಿಟ್ಟು ತೆನೆಗೆ ಹೋಗುತ್ತದೆ. ಅರ್ಕಾ ಅನುಪಮಾ, ಆಲ್ ಗ್ರೀನ್ ಎರಡೂ ಪಾಲಕ್ ತಳಿಗಳು.

ಕೊತ್ತಂಬರಿಯನ್ನು ಸಾಲಿನಲ್ಲಿ, ಅರ್ಧ ಇಂಚು ಆಳಕ್ಕೆ ಹಾಕಿ. ಹುಟ್ಟಲು ಎಂಟರಿಂದ ಹದಿನೈದು ದಿನ ಬೇಕು. ಹತ್ತನೇ ದಿನಕ್ಕೆ ತಾಳ್ಮೆ ಕಳೆದುಕೊಂಡು ಮಣ್ಣು ಕೆದಕಬೇಡಿ. ಮೆಂತ್ಯಕ್ಕೆ ಇಷ್ಟು ಉಪಚಾರ ಬೇಡ. ಒತ್ತಾಗಿ ಎರಚಿ, ಕಾಲು ಇಂಚು ಮಣ್ಣು ಉದುರಿಸಿದರೆ ಮೂರನೇ ದಿನ ಮಡಿ ಹಸಿರಾಗುತ್ತದೆ.

ಲೆಟ್ಯೂಸ್ ಬಗ್ಗೆ ಒಂದು ಮಾತು. ಇದರ ಬೀಜ ಬಿಸಿ ಮಣ್ಣಿನಲ್ಲಿ ಮೊಳೆಯಲು ನಿರಾಕರಿಸಿ ಮಲಗಿಬಿಡುತ್ತದೆ. ಒದ್ದೆ ಟಿಶ್ಯೂ ಕಾಗದದಲ್ಲಿಟ್ಟು ಎರಡು–ಮೂರು ದಿನ ಫ್ರಿಜ್ಜಿನಲ್ಲಿರಿಸಿ, ಆಮೇಲೆ ಸಂಜೆ ಬಿತ್ತಿ. ಮೇಲೆ ಮಣ್ಣು ಮುಚ್ಚಬೇಡಿ, ಬೆಳಕು ತಾಕಿದರೇ ಚೆನ್ನಾಗಿ ಹುಟ್ಟುತ್ತದೆ. ಕೋಸಿನಂತೆ ಉಂಡೆ ಕಟ್ಟುವ ಬಗೆ ಬೇಡ, ಬಿಡಿಬಿಡಿ ಎಲೆಯ ಬಗೆಯನ್ನೇ ಆರಿಸಿ. ಇರುವೆ ಇರುವ ಮಡಿಯಲ್ಲಿ ಬಿತ್ತಿದ ಬೀಜ ರಾತ್ರೋರಾತ್ರಿ ಮಾಯವಾಗುವುದುಂಟು.

ಹಂತ 7: ಸಸಿ ತೆಳುಮಾಡಿ, ಮನಸ್ಸು ಗಟ್ಟಿ ಮಾಡಿ

ಹುಟ್ಟಿದ ಸಸಿಯನ್ನು ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಬರೀ ಎಲೆ ಬಂತು, ಗಡ್ಡೆ ಬರಲಿಲ್ಲ ಎಂಬ ದೂರಿನ ಮೂಲ ಇದೇ. ಮೂಲಂಗಿಯನ್ನು ಹತ್ತನೇ ದಿನದೊಳಗೆ ಮೂರು ಇಂಚಿಗೆ, ಬೀಟ್‌ರೂಟನ್ನು ಎರಡು ಇಂಚು ಎತ್ತರವಿರುವಾಗ ನಾಲ್ಕು ಇಂಚಿಗೆ, ಕ್ಯಾರೆಟನ್ನು ಎರಡು ಇಂಚಿಗೆ ಒಂದರಂತೆ ಉಳಿಸಿ. ಕೀಳುವ ಬದಲು ಬುಡದಲ್ಲಿ ಕತ್ತರಿಯಿಂದ ಕತ್ತರಿಸಿದರೆ ಪಕ್ಕದ ಸಸಿಯ ಬೇರು ಅಲುಗುವುದಿಲ್ಲ. ಲೇಪವಿಲ್ಲದ ಬೀಜದಿಂದ ಬಂದ ಮೂಲಂಗಿ, ಬೀಟ್‌ರೂಟ್ ಎಳೆಸೊಪ್ಪು ಬೇಳೆಯೊಂದಿಗೆ ಬೇಯುತ್ತದೆ.

ಹಂತ 8: ನೀರು, ಹೊದಿಕೆ, ನೆರಳು

ಬೆಳಗ್ಗೆ ಎಂಟರೊಳಗೆ ನೀರು ಕೊಡಿ. ಸಂಜೆ ಎಲೆಯ ಮೇಲೆ ಸುರಿದ ನೀರು ರಾತ್ರಿಯೆಲ್ಲ ಉಳಿದು ರೋಗ ತರುತ್ತದೆ. ಫೆಬ್ರವರಿ ನಡುವಿನವರೆಗೆ ನೆಲದ ಮಡಿಗೆ ಎರಡು–ಮೂರು ದಿನಕ್ಕೊಮ್ಮೆ, ಆಮೇಲೆ ಹೆಚ್ಚುಕಡಿಮೆ ದಿನ ಬಿಟ್ಟು ದಿನ. ಕುಂಡಕ್ಕೆ ದಿನವೂ. ಇದು ಅಂದಾಜು ಮಾತ್ರ. ಬೆರಳನ್ನು ಎರಡು ಇಂಚು ಮಣ್ಣಿಗೆ ತೂರಿಸಿ ನೋಡುವುದೇ ಪ್ರಮಾಣ.

ಒಂದು ವಾರ ಒಣಗಿಸಿ ಒಂದು ದಿನ ಮುಳುಗಿಸುವ ನೀರಾವರಿಗೆ ನವಿಲುಕೋಸು, ಕ್ಯಾರೆಟ್ ಸೀಳುತ್ತವೆ. ಊರಿಗೆ ಹೋಗುವುದಿದ್ದರೆ ಯಾರಿಗಾದರೂ ಒಪ್ಪಿಸಿಯೇ ಹೋಗಿ.

ಸಸಿಗಳು ನಾಲ್ಕು ಇಂಚು ಬೆಳೆದ ಮೇಲೆ ಸಾಲುಗಳ ನಡುವೆ ಎರಡು ಇಂಚು ದಪ್ಪಕ್ಕೆ ತರಗೆಲೆ, ಭತ್ತದ ಹುಲ್ಲು ಅಥವಾ ಕಬ್ಬಿನ ತರಗು ಹರಡಿ. ಬುಡಕ್ಕೆ ತಾಕದಂತೆ ಒಂದು ಇಂಚು ಬಿಡಬೇಕು. ಫೆಬ್ರವರಿ 15ರ ನಂತರ ತಾರಸಿಯಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಪರದೆ ಎಳೆಯಿರಿ. ಪರದೆಯನ್ನು ಗಿಡದಿಂದ ಮೂರು ಅಡಿ ಮೇಲೆ ಕಟ್ಟಿ. ತಲೆಗೆ ತಾಗುವಂತೆ ಕಟ್ಟಿದರೆ ಗಾಳಿಯಾಡದೆ ಇನ್ನಷ್ಟು ಧಗೆ.

ಮೇಲುಗೊಬ್ಬರ ಒಂದೇ ಸಲ ಸಾಕು. ನೆಟ್ಟ ಅಥವಾ ಹುಟ್ಟಿದ ಮೂರನೇ ವಾರಕ್ಕೆ ಗಿಡದ ಸುತ್ತ ಒಂದು ಹಿಡಿ ಎರೆಹುಳು ಗೊಬ್ಬರ ಹಾಕಿ ಮಣ್ಣು ಏರಿಸಿ. ಬೇರು ತರಕಾರಿಗೆ ಯೂರಿಯಾ ಸುರಿದರೆ ಸೊಪ್ಪು ಸೊಂಪಾಗಿ, ಗಡ್ಡೆ ಸೊರಗಿ ನಿಲ್ಲುತ್ತದೆ.

ಹಂತ 9: ಹುಳು ಮತ್ತು ರೋಗ

ಸಸಿ ಬುಡದಲ್ಲಿ ನೀರುಗಟ್ಟಿದಂತಾಗಿ ಒರಗಿ ಬಿದ್ದರೆ ಅದು ಸಸಿ ಕೊಳೆ ರೋಗ. ಒತ್ತಾದ ಬಿತ್ತನೆ ಮತ್ತು ಅತಿ ನೀರು ಎರಡೂ ಸೇರಿ ತಂದುಕೊಂಡದ್ದು. ಬಿದ್ದವನ್ನು ಮಣ್ಣು ಸಮೇತ ತೆಗೆದು, ಎರಡು ದಿನ ನೀರು ನಿಲ್ಲಿಸಿ. ಮುಂದಿನ ಸಲ ಗೊಬ್ಬರಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿ, ಒಂದು ವಾರ ನೆರಳಿನಲ್ಲಿ ತೇವವಾಗಿಟ್ಟು ಮಡಿಗೆ ಹಾಕಿದರೆ ಕಾಟ ಬಹಳ ಕಡಿಮೆಯಾಗುತ್ತದೆ.

ಬಿಸಿ ಏರಿದಂತೆ ನವಿಲುಕೋಸಿಗೆ ವಜ್ರಬೆನ್ನಿನ ಪತಂಗದ ಹುಳು ಬರುತ್ತದೆ. ಎಲೆಯ ಹಸಿರು ಕೆರೆದು ತೆಳುವಾದ ಪೊರೆ ಮಾತ್ರ ಉಳಿದಿರುವುದು ಮೊದಲ ಗುರುತು. ಮುಟ್ಟಿದರೆ ಸಣ್ಣ ಹಸಿರು ಹುಳು ಪಟಪಟನೆ ಹೊರಳಿ ಎಳೆ ಹಿಡಿದು ಜೋತಾಡುತ್ತದೆ. ಈ ಪತಂಗಕ್ಕೆ ಕೋಸಿಗಿಂತ ಸಾಸಿವೆ ಇಷ್ಟ. ಹೆಸರಘಟ್ಟದ ಸಂಸ್ಥೆ ಕೋಸಿನ ಹೊಲಗಳಿಗೆ ಸಾಸಿವೆಯನ್ನು ಬಲೆಬೆಳೆಯಾಗಿ ಶಿಫಾರಸು ಮಾಡಿದ್ದು ಇದಕ್ಕೇ. ಆದರೆ ಸಾಸಿವೆ ಬಿತ್ತಿ ಮರೆತರೆ ಹುಳುವಿಗೆ ತವರು ಕಟ್ಟಿಕೊಟ್ಟಂತಾಗುತ್ತದೆ. ವಾರಕ್ಕೊಮ್ಮೆ ಸಾಸಿವೆಯ ಮೇಲೆ ಬೇವಿನೆಣ್ಣೆ ಸಿಂಪಡಿಸಬೇಕು. ಲೀಟರ್ ನೀರಿಗೆ 3–5 ಮಿಲಿಲೀಟರ್ ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸಾಬೂನು ನೀರು, ಸಿಂಪಡಿಸುವುದು ಸಂಜೆ. ನಡುಮಧ್ಯಾಹ್ನ ಸಿಂಪಡಿಸಿದರೆ ಎಲೆ ಸುಡುತ್ತದೆ.

ಬೀನ್ಸ್, ಪಾಲಕ್ ಎಲೆಗಳ ಮೇಲೆ ಬಿಳಿ ಸುರುಳಿ ಗೆರೆ ಎಳೆಯುವುದು ರಂಗೋಲಿ ಹುಳು. ಅದು ಎಲೆಯ ಒಳಗಿರುವುದರಿಂದ ಮೇಲಿನ ಸಿಂಪಡಣೆ ಅಷ್ಟಾಗಿ ತಾಗದು. ಗೆರೆ ಬಿದ್ದ ಎಲೆಯನ್ನು ಮೊದಲ ವಾರವೇ ಕಿತ್ತು ಮುಚ್ಚಿದ ಕವರಿನಲ್ಲಿ ಬಿಸಿಲಿಗಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಗಿಡದ ಹೇನಿಗೆ ಪೈಪಿನ ರಭಸದ ನೀರೇ ಮೊದಲ ಔಷಧಿ.

ಹಂತ 10: ಎಚ್ಚರಿಕೆಯ ಗುರುತುಗಳು ಮತ್ತು ಕೊಯ್ಲು

ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆ ಎದ್ದರೆ ಹೆದರಬೇಡಿ. ಬೆಳಗ್ಗೆ ಏಳಕ್ಕೇ ಜೋತುಬಿದ್ದಿದ್ದರೆ ನೀರಿಲ್ಲ, ಇಲ್ಲವೇ ಬೇರು ಕೆಟ್ಟಿದೆ. ಮಣ್ಣು ತೇವವಾಗಿದ್ದೂ ಜೋತುಬಿದ್ದ ಗಿಡಕ್ಕೆ ಮತ್ತೆ ನೀರು ಕೊಡುವುದು ಅದನ್ನು ಬೇಗ ಕಳಿಸಿಕೊಟ್ಟಂತೆ.

ಕೊತ್ತಂಬರಿಯ ಹೊಸ ಎಲೆ ಅಗಲ ಕಳೆದುಕೊಂಡು ದಾರದಂತೆ ಸೀಳತೊಡಗಿದರೆ ಹೂವಿಗೆ ಸಿದ್ಧವಾಗಿದೆ. ಆ ದಿನವೇ ಪೂರ್ತಿ ಕೊಯ್ಯಿರಿ, ತುದಿ ಚಿವುಟಿ ಹೂ ತಡೆಯುವ ಉಪಾಯ ಹೆಚ್ಚು ದಿನ ನಡೆಯದು. ಪಾಲಕಿನ ನಡುವಿನಿಂದ ದಂಟು ಏಳುವುದೂ, ಲೆಟ್ಯೂಸ್ ಎಲೆ ಮುರಿದಾಗ ಗಟ್ಟಿ ಹಾಲು ಬಂದು ಕಹಿಯಾಗುವುದೂ ಇದೇ ಸೂಚನೆ.

ಬೇರು ತರಕಾರಿಯಲ್ಲಿ ದೊಡ್ಡದಾಗಲಿ ಎಂಬ ಆಸೆಯೇ ಶತ್ರು. ಮೂಲಂಗಿಯ ಹೆಗಲು ಮಣ್ಣಿನ ಮೇಲೆ ಕಂಡು ಹೆಬ್ಬೆರಳು ದಪ್ಪ ದಾಟಿದ ಮೇಲೆ ಒಂದನ್ನು ಕಿತ್ತು ಅಡ್ಡಡ್ಡ ಕತ್ತರಿಸಿ. ನಡುವೆ ಬಿಳಿ ತೂತು ಅಥವಾ ಹತ್ತಿಯಂಥ ತಿರುಳು ಕಂಡರೆ ಬೆಂಡಾಗತೊಡಗಿದೆ, ಉಳಿದದ್ದನ್ನೂ ಅದೇ ವಾರ ಕೀಳಿ. ನವಿಲುಕೋಸನ್ನು ಎರಡೂವರೆ–ಮೂರು ಇಂಚು ಅಗಲಕ್ಕೇ ಕೊಯ್ಯಿರಿ. ಉಗುರು ಸುಲಭವಾಗಿ ಇಳಿಯದಿದ್ದರೆ ನಾರು ಬಲಿತಿದೆ. ಬೀಟ್‌ರೂಟ್ ಎರಡು ಇಂಚು ಅಗಲಕ್ಕೆ ರುಚಿ. ಕತ್ತರಿಸಿದಾಗ ಬಿಳಿ ಬಳೆಗಳು ಎದ್ದು ಕಂಡರೆ ಬಿಸಿ ತಾಗಿದೆ ಎಂದರ್ಥ, ತಿನ್ನಲು ಅಡ್ಡಿಯಿಲ್ಲ. ಬೀನ್ಸನ್ನು ಕಾಳು ಉಬ್ಬುವ ಮೊದಲು, ಎರಡು ದಿನಕ್ಕೊಮ್ಮೆ ಬಿಡಿಸುತ್ತಿದ್ದರೆ ಗಿಡ ಮತ್ತೆ ಹೂ ಬಿಡುತ್ತದೆ.

ಕೊಯ್ಲು ಬೆಳಗಿನ ತಂಪಿನಲ್ಲೇ ಆಗಲಿ. ಮೂಲಂಗಿ, ಬೀಟ್‌ರೂಟ್, ಕ್ಯಾರೆಟ್ ಕಿತ್ತ ತಕ್ಷಣ ಒಂದು ಇಂಚು ತೊಟ್ಟು ಬಿಟ್ಟು ಸೊಪ್ಪು ಬೇರ್ಪಡಿಸಿ. ಹಾಗೆಯೇ ಬಿಟ್ಟರೆ ಸೊಪ್ಪು ಗಡ್ಡೆಯ ನೀರನ್ನು ಹೀರಿ ಸಂಜೆಯೊಳಗೆ ಬಾಡಿಸುತ್ತದೆ.

ಮಾರ್ಚ್ ಮೊದಲ ವಾರದಲ್ಲೇ, ಸಾಲುಗಳು ಇನ್ನೂ ನಿಂತಿರುವಾಗ, ನಡುವಿನ ಜಾಗಕ್ಕೆ ಬೆಂಡೆ, ಹರಿವೆ, ಹೀರೆ ಬೀಜ ಹಾಕಿ. ಚಳಿಗಾಲದ ಗಿಡಗಳು ಅವಕ್ಕೆ ಮೊದಲ ಎರಡು ವಾರ ನೆರಳು ಕೊಡುತ್ತವೆ. ನವಿಲುಕೋಸು ತೆಗೆದ ಮಡಿಗೆ ಮತ್ತೆ ಮೂಲಂಗಿಯನ್ನಾಗಲಿ ಕೋಸನ್ನಾಗಲಿ ಹಾಕಬೇಡಿ. ಒಂದೇ ಕುಲದ ಬೆಳೆಗಳಾದ್ದರಿಂದ ಹುಳುವೂ ರೋಗವೂ ಅಲ್ಲೇ ಕಾದಿರುತ್ತವೆ. ಆ ಮಡಿ ಬೆಂಡೆಗಿರಲಿ.